ಟವರ್ ಅಂತ ಕೆತ್ತಿರುವ ಫ್ಲಿಂಟ್‌ಲಾಕ್ ಪಿಸ್ತೂಲು, ಅಸಲಿಯಾ ಅಂತ ತಿಳಿಯುವುದು ಹೇಗೆ?

ಹೊಸಸಂಗ್ರಹ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹಳೇ ಕತ್ತಿಗಳನ್ನು ಸಂಗ್ರಹಿಸುತ್ತಿದ್ದೆ, ಈಗ ಚಕಮಕಿ ಕಲ್ಲಿನ ಪಿಸ್ತೂಲುಗಳ ಕಡೆ ಮನಸ್ಸು ಹೋಗಿದೆ. ಒಂದನ್ನು ನೋಡಿ ಬಂದಿದ್ದೇನೆ. ಲಾಕ್ ಪ್ಲೇಟಿನ (ಕಿಡಿ ಹೊತ್ತಿಸುವ ಭಾಗಗಳು ಕೂತಿರುವ ಲೋಹದ ಪಟ್ಟಿ) ಮೇಲೆ ಕಿರೀಟ, ಅದರ ಕೆಳಗೆ ಜಿಆರ್ (ಜಾರ್ಜ್ ರಾಜನ ಗುರುತು), ಹಿಂಬದಿಯಲ್ಲಿ ಟವರ್ ಅಂತ ಇದೆ. ಹಿಡಿಯ ತುದಿಗೆ ಹಿತ್ತಾಳೆ, ಪಕ್ಕದಲ್ಲಿ ಸೊಂಟಪಟ್ಟಿಗೆ ಸಿಕ್ಕಿಸುವ ಉಕ್ಕಿನ ಕೊಕ್ಕೆ. ಬ್ರಿಟಿಷ್ ನೌಕಾಪಡೆಯದು, 18ನೇ ಶತಮಾನದ್ದು ಅಂತ ಮಾರುವವರು ಹೇಳುತ್ತಾರೆ. ಬ್ಯಾರೆಲ್ ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಪ್ಯಾನ್ (ಕಿಡಿ ಬೀಳುವ ಮದ್ದಿನ ಪುಟ್ಟ ಬಟ್ಟಲು) ಮತ್ತು ಫ್ರಿಜನ್ (ಕಲ್ಲು ಬಡಿದಾಗ ಕಿಡಿ ಹಾರಿಸುವ ಉಕ್ಕಿನ ತುಂಡು) ಮಾತ್ರ ಹೊಸದರ ಹಾಗೆ ಕಾಣುತ್ತವೆ. ಏನೇನು ನೋಡಬೇಕು? ಬಿಚ್ಚಿ ನೋಡಲು ಅವರ ಒಪ್ಪಿಗೆ ಇದೆ.

ರಂಜಕ:
ಬೇರೆ ಏನೂ ನೋಡುವ ಮೊದಲು ಅದರಲ್ಲಿ ಮದ್ದು ತುಂಬಿದೆಯಾ ನೋಡಿ. ತಮಾಷೆ ಅಲ್ಲ. ಹಳೇ ಕಪ್ಪು ಮದ್ದು ಒಣಗಿದ್ದರೆ ಇನ್ನೂರು ವರ್ಷ ಆದಮೇಲೂ ಹೊತ್ತಿಕೊಳ್ಳುತ್ತದೆ, ತುಂಬಿಟ್ಟು ಮರೆತ ಪಿಸ್ತೂಲುಗಳು ಈಗಲೂ ಸಿಗುತ್ತವೆ. ಬ್ಯಾರೆಲ್ ಬಾಯಿಗೆ ಮುಖ ಕೈ ಯಾವುದೂ ಅಡ್ಡ ಬಾರದ ಹಾಗೆ ನಿಂತು, ತೆಳ್ಳನೆಯ ಮರದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕಿ, ಆಮೇಲೆ ಅದೇ ಕಡ್ಡಿಯನ್ನು ಬ್ಯಾರೆಲ್‌ನ ಹೊರಗೆ ಇಟ್ಟು ಅಳೆಯಿರಿ. ತುದಿ ಕಿಡಿ ಹೋಗುವ ತೂತಿನ ತನಕ ಬಂದರೆ ಖಾಲಿ. ಒಂದು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ ಅಂತಲೇ ತಿಳಿಯಿರಿ, ತಿಳಿದವರಿಂದಲೇ ತೆಗೆಸಿ.

ಹಳೇಲಾಕ್:
ಟವರ್ ಅಂದರೆ ಲಂಡನ್ ಟವರ್‌ನಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಗುರುತು, ಆದರೆ ಆ ಅಕ್ಷರ ನೋಡಿ ಖುಷಿಪಡಬೇಡಿ. ಹೊಸದಾಗಿ ಮಾಡುವ ನಕಲುಗಳ ಮೇಲೆ ತುಂಬಾ ಕಾಣುವ ಗುರುತೇ ಅದು. ಜಿಆರ್ ಕೂಡ ಕಾಲವನ್ನು ಹೇಳುವುದಿಲ್ಲ, ನಾಲ್ಕು ಜಾರ್ಜ್‌ಗಳು ಸೇರಿ 1714ರಿಂದ 1830ರವರೆಗೆ ಆಳಿದ್ದಾರೆ. ಸರ್ಕಾರಿ ಲಾಕ್‌ಗಳ ಮೇಲೆ ಇಸವಿ ಕೆತ್ತುವುದನ್ನು 1764ರ ಸುಮಾರಿಗೆ ನಿಲ್ಲಿಸಿದರು, ಹಾಗಾಗಿ ಇಸವಿ ಇಲ್ಲದ ಟವರ್ ಲಾಕ್ ಅಸಲಿಯೇ ಆಗಿದ್ದರೂ ಸಾಮಾನ್ಯವಾಗಿ ಅದರ ನಂತರದ್ದು.

ಬ್ಯಾರೆಲ್ ಮೇಲಿನ ಗುರುತುಗಳು ಜಾಸ್ತಿ ಮಾತಾಡುತ್ತವೆ. ಲಂಡನ್ ಗನ್‌ಮೇಕರ್ಸ್ ಕಂಪನಿಯ ಪರೀಕ್ಷೆ ಆಗಿದ್ದರೆ ಕಿರೀಟದ ಕೆಳಗೆ ವಿ, ಇನ್ನೊಂದು ಕಿರೀಟದ ಕೆಳಗೆ ಜಿಪಿ ಇರುತ್ತದೆ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ (ಬ್ಯಾರೆಲ್ ಗಟ್ಟಿಯಾ ಅಂತ ಪರೀಕ್ಷಿಸಿ ಗುರುತು ಹಾಕುವ ಜಾಗ) ಶುರುವಾಗಿದ್ದೇ 1813ರಲ್ಲಿ. ಅದರ ಗುರುತಿದ್ದರೆ 18ನೇ ಶತಮಾನದ ಮಾತು ಅಲ್ಲೇ ಮುಗಿಯಿತು. ಈಚಿನ ನಕಲುಗಳ ಮೇಲೆ ಇರುವ ಹಾಗೆ ಬ್ಲ್ಯಾಕ್ ಪೌಡರ್ ಓನ್ಲಿ (ಕಪ್ಪು ಮದ್ದು ಮಾತ್ರ) ಅಂತ ಬರೆದಿದ್ದರೆ ಅಥವಾ ಯಾರೋ ಏನನ್ನೋ ಉಜ್ಜಿ ಅಳಿಸಿದ ಜಾಗ ಕಂಡರೆ ಅಲ್ಲಿಂದ ಎದ್ದು ಬನ್ನಿ. ಉದ್ದವನ್ನೂ ಅಳೆಯಿರಿ: ನೌಕಾಪಡೆಯ ಉದ್ದದ ಮಾದರಿಗೆ 12 ಇಂಚಿನ ಬ್ಯಾರೆಲ್, ಆಮೇಲೆ ಬಂದ ಗಿಡ್ಡದ್ದಕ್ಕೆ 9 ಇಂಚು.

ಕಬ್ಬಿಣದಕಣ್ಣು:
ನನಗೆ ಅನುಮಾನ ಬಂದಿದ್ದು ನೀವು ಕೊನೆಯಲ್ಲಿ ಹೇಳಿದ ವಿಷಯದ ಮೇಲೆ. ಬ್ಯಾರೆಲ್ ಹಳೇದು, ಪ್ಯಾನ್ ಮತ್ತು ಫ್ರಿಜನ್ ಹೊಸದು. ಕಿಡಿ, ಬೆಂಕಿ, ಮದ್ದಿನ ಕೊಳೆ ಎಲ್ಲ ಬೀಳುವುದು ಅಲ್ಲೇ ಅಲ್ವಾ? ಇಡೀ ಪಿಸ್ತೂಲಿನಲ್ಲಿ ಮೊದಲು ಸವೆಯಬೇಕಾದ ಜಾಗವೇ ನುಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ.

ಪರ್ಕಷನ್ ಕ್ಯಾಪ್ (ಸುತ್ತಿಗೆ ಬಡಿದರೆ ಹೊತ್ತಿಕೊಳ್ಳುವ ಪುಟ್ಟ ಲೋಹದ ಟೋಪಿ) ಬಂದಮೇಲೆ, ಅಂದರೆ 1820ರಿಂದ 1840ರ ದಶಕಗಳಲ್ಲಿ, ಎಷ್ಟೋ ಫ್ಲಿಂಟ್‌ಲಾಕ್‌ಗಳ ಪ್ಯಾನ್, ಫ್ರಿಜನ್ ಕಿತ್ತು ಕ್ಯಾಪ್ ಹೊಡೆಯುವ ಸುತ್ತಿಗೆ ಹಾಕಿದರು. ಅವೇ ಪಿಸ್ತೂಲುಗಳನ್ನು ಮುಂದೆ ಸಂಗ್ರಾಹಕರ ಆಸೆಗಾಗಿ ಮತ್ತೆ ಫ್ಲಿಂಟ್‌ಗೆ ತಿರುಗಿಸಿದ್ದೂ ಉಂಟು. ಲಾಕ್ ಬಿಚ್ಚಿದಾಗ ಪ್ಲೇಟಿನ ಒಳಬದಿ ನೋಡಿ. ಮುಚ್ಚಿದ ತೂತು, ಬೆಸುಗೆ, ಬಣ್ಣದ ವ್ಯತ್ಯಾಸ ಇದೆಯಾ? ಕಿಡಿ ಹೋಗುವ ತೂತಿನ ಸುತ್ತ ಕೂದಲಿನಷ್ಟು ಸಣ್ಣ ಉಂಗುರದ ಗೆರೆ ಕಂಡರೆ ಅಲ್ಲಿ ದೊಡ್ಡ ತೂತು ಕೊರೆದು ಆಮೇಲೆ ತುಂಬಿದ್ದಾರೆ ಅಂತ ಅರ್ಥ. ಭಾಗಗಳ ಒಳಗೆ ಕುಶಲಕರ್ಮಿಗಳು ಜೋಡಣೆಗಾಗಿ ಹಾಕಿದ ಅರದ ಗೀರುಗಳೋ ಅಂಕಿಗಳೋ ಇರಬಹುದು, ಅವು ಒಂದಕ್ಕೊಂದು ಹೊಂದಬೇಕು. ಅಚ್ಚಿನಲ್ಲಿ ಎರೆದ ಗೆರೆ, ಮೆಷಿನ್‌ನಲ್ಲಿ ಕಡೆದ ಸ್ಕ್ರೂ ಕಂಡರೆ ಅದು ಈಚಿನದು.

ಇನ್ನೊಂದು ಮಾತು. ಆ ಕಾಲದಲ್ಲೇ ಕ್ಯಾಪ್‌ಗೆ ಬದಲಾಯಿಸಿ ಹಾಗೇ ಉಳಿದ ಪಿಸ್ತೂಲನ್ನು ನಾನು ಯಾವಾಗಲೂ ಮೇಲೆ ಇಡುತ್ತೇನೆ. ಅದನ್ನು ಬಳಸಿದವರ ಅಗತ್ಯ ಅದರಲ್ಲಿದೆ. ವಾಪಸ್ ತಿರುಗಿಸಿದ್ದರಲ್ಲಿ ಇರುವುದು ಮಾರುವವರ ಅಗತ್ಯ ಮಾತ್ರ.

ಹೊಸಸಂಗ್ರಹ:
ಹೋಗಿ ನೋಡಿದೆ. ಖಾಲಿ ಇದೆ. ಬ್ಯಾರೆಲ್ 9 ಇಂಚು, ಆದರೆ ತೂತಿನ ಸುತ್ತ ಉಂಗುರದ ಗೆರೆ ಸ್ಪಷ್ಟವಾಗಿದೆ, ಪ್ಯಾನ್ ಬ್ಯಾರೆಲ್‌ಗೆ ಸರಿಯಾಗಿ ಕೂತಿಲ್ಲ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಆದರೂ ಮರ, ಹಿತ್ತಾಳೆ, ಕೊಕ್ಕೆ ಎಲ್ಲ ಚೆನ್ನಾಗಿವೆ, ನನಗೆ ಅದು ಇಷ್ಟವಾಗಿಬಿಟ್ಟಿದೆ. ಬಿಡಬೇಕಾ?

ಕಬ್ಬಿಣದಕಣ್ಣು:
ಬಿಡಬೇಕಾಗಿಲ್ಲ. ವಾಪಸ್ ತಿರುಗಿಸಿದ ಪಿಸ್ತೂಲು ಅಂತಲೇ ಹೆಸರಿಟ್ಟು, ಅಂಥದ್ದಕ್ಕೆ ತಕ್ಕ ಬೆಲೆಗೆ ಕೇಳಿ. ಆ ಗೆರೆ, ಸಂದಿ ಎರಡನ್ನೂ ಅವರಿಗೆ ತೋರಿಸಿ. ಮುಂದೆ ನೀವು ಮಾರುವಾಗಲೂ ಹಾಗೇ ಹೇಳಿ ಮಾರಬೇಕು. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅನ್ನೋದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿ.

ರಂಜಕ:
ಮನೆಗೆ ತಂದಮೇಲೆ ಸುಮ್ನೆ ಪಾಲಿಶ್ ಮಾಡಲು ಹೋಗಬೇಡಿ. ಆ ಕಂದು ಬಣ್ಣ ಹೋದರೆ ಮತ್ತೆ ಬರುವುದಿಲ್ಲ, ಬೆಲೆಯೂ ಅದರ ಜೊತೆಗೇ ಹೋಗುತ್ತದೆ. ಕೆಂಪು ತುಕ್ಕು ಇರುವ ಕಡೆ ಮಾತ್ರ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಒರೆಸಿ, ಆಮೇಲೆ ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ಮೇಣ ಸಾಕು. ಕಲ್ಲು ಹಿಡಿಯುವ ಕಾಕ್ ಅನ್ನು ಎಳೆದೇ ಇಡಬೇಡಿ. ಫ್ರಿಜನ್ ಮುಂದಕ್ಕೆ ತೆರೆದು, ಹೆಬ್ಬೆರಳಲ್ಲಿ ಹಿಡಿದು ನಿಧಾನಕ್ಕೆ ಇಳಿಸಿ ಇಡಿ, ಸ್ಪ್ರಿಂಗ್ ಮೇಲೆ ಭಾರ ಉಳಿಯುವುದಿಲ್ಲ.