ಸಹಾಯ ಬೇಕು: ಅಮ್ಮನ ಕಣ್ಣಿನ ಇಂಜೆಕ್ಷನ್, ಯಾವುದು ಒಳ್ಳೆಯದು?

ನಮ್ಮದು ಕಾಸರಗೋಡಿನ ಬದಿಯಡ್ಕ. ಸಕ್ಕರೆ ಕಾಯಿಲೆಯಿಂದ ಅಮ್ಮನ ರೆಟಿನಾದ (ಕಣ್ಣಿನ ಹಿಂಬದಿಯ ಪರದೆಯ) ನಡುಭಾಗದಲ್ಲಿ ನೀರು ತುಂಬಿದೆ. ಬಸ್ಸಿನ ಬೋರ್ಡು ಓದಲು ಆಗುತ್ತಿಲ್ಲ, ಬಾಗಿಲಿನ ಚೌಕಟ್ಟೂ ಡೊಂಕಾಗಿ ಕಾಣುತ್ತದಂತೆ.

ಮಂಗಳೂರಿನ ಡಾಕ್ಟರು ಬೆವಾಸಿಝುಮ್ಯಾಬ್ ಅಥವಾ ಅಫ್ಲಿಬರ್ಸೆಪ್ಟ್ ಎಂದಿದ್ದಾರೆ. ಮೊದಲನೆಯದು ಕ್ಯಾನ್ಸರಿಗೆಂದು ಬಂದ ಔಷಧ, ಬೆಲೆ ತುಂಬಾ ಕಡಿಮೆ. ಆದರೆ ದೊಡ್ಡ ಬಾಟಲಿಯಿಂದ ಚಿಕ್ಕ ಸಿರಿಂಜುಗಳಿಗೆ ತುಂಬಿಸಬೇಕು. ಅಲ್ಲಿ ಸ್ವಲ್ಪ ಸೋಂಕು ಸೇರಿದರೂ ಕಣ್ಣೇ ಹೋಗಬಹುದು, ಅಲ್ವಾ? ಇನ್ನೊಂದು ದುಬಾರಿ. ದೃಷ್ಟಿ ಆಗಲೇ ಜಾಸ್ತಿ ಕುಂದಿದವರಿಗೆ ಮೊದಲ ವರ್ಷ ಅದೇ ಹೆಚ್ಚು ಫಲ ಕೊಟ್ಟಿತೆಂದು 2015ರ ಅಮೆರಿಕದ ಅಧ್ಯಯನ ಹೇಳುತ್ತದೆ.

ಆಸ್ಪತ್ರೆ ಫಾರ್ಮಸಿಯಲ್ಲಿ ಇರುವವರು ದಯವಿಟ್ಟು ಹೇಳಿ: ಸಿರಿಂಜು ಎಲ್ಲಿ ತುಂಬಿಸಿದ್ದು, ಯಾವ ಬ್ಯಾಚು, ಫ್ರಿಜ್ಜಿನಲ್ಲಿ ಎಷ್ಟು ದಿನ ಇತ್ತು ಅಂತ ನಾವು ಕೇಳಬಹುದಾ? ಅಮ್ಮನಿಗೆ ಹಿಂದೆ ಪಾರ್ಶ್ವವಾಯು ಆಗಿತ್ತು. ಔಷಧ ಆರಿಸುವಾಗ ನೀವು ಅದನ್ನು ಹೇಗೆ ನೋಡುತ್ತೀರಿ? ತಲಪಾಡಿ ಗಡಿ ದಾಟಿ ಮಂಗಳೂರಿಗೆ ಪದೇಪದೇ ಹೋಗುವುದು ಅವರಿಗೆ ಕಷ್ಟ. ಮುಂದಿನ ವಾರ ನಿರ್ಧಾರ ಹೇಳಬೇಕು.