ವಯಸ್ಸಾದ ಪೇಶೆಂಟ್‌ಗಳ ಮಾತ್ರೆ ರಿವ್ಯೂ ಫೋನಲ್ಲಿ ಮಾಡೋದು ಹೇಗೆ?

ರಾಜಾಜಿನಗರ ಫಾರ್ಮಸಿಸ್ಟ್
ಎಲ್ರಿಗೂ ನಮಸ್ಕಾರ. ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೆಲ್ಸ ಮಾಡ್ತೀನಿ. ಬಿಪಿ, ಶುಗರ್ ಅಂತ ವರ್ಷಗಟ್ಲೆ ಮಾತ್ರೆ ತಗೊಳ್ತಿರೋ 70 ದಾಟಿದವ್ರಿಗೆ ಫೋನ್ ಮಾಡಿ ಏನೇನು ನುಂಗ್ತಿದಾರೆ, ಹೆಂಗೆ ನುಂಗ್ತಿದಾರೆ ಅಂತ ಕೇಳಿ ಡಾಕ್ಟರ್‌ಗೆ ತಿಳಿಸ್ಬೇಕು. ಸುಮಾರು ಜನ ಫೋನೇ ಎತ್ತಲ್ಲ. ಎತ್ತಿದವ್ರು "ಓಟಿಪಿ ಗೀಟಿಪಿ ಏನೂ ಕೊಡಲ್ಲಮ್ಮ" ಅಂತ ಇಟ್ಬಿಡ್ತಾರೆ, ಪಾಪ ಡಿಜಿಟಲ್ ಅರೆಸ್ಟ್ ಸುದ್ದಿ ದಿನಾ ಓದೋರು ಇನ್ನೇನ್ ಮಾಡ್ತಾರೆ. ಮಾತಾಡೋರೂ "ಎಲ್ಲಾ ಸರಿಯಾಗಿ ತಗೊಳ್ತಿದೀನಿ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಅನುಭವ ಇರೋರು ದಾರಿ ಹೇಳಿ.

ಹೋಮ್‌ಕೇರ್ ನರ್ಸ್, ಜಯನಗರ
ಮೊದ್ಲು ಫೋನ್ ಬರತ್ತೆ ಅಂತ ಅವ್ರಿಗೆ ಗೊತ್ತಿರ್ಬೇಕು. ಕ್ಲಿನಿಕ್‌ಗೆ ಬಂದಾಗ್ಲೇ ಡಾಕ್ಟರ್ ಬಾಯಲ್ಲೇ ಹೇಳಿಸಿ, ಚೀಟಿ ಮೇಲೆ ಪ್ರಿಂಟ್ ಆಗಿರೋ ನಂಬರಿಂದಾನೇ ಮಾಡಿ, "ಅನುಮಾನ ಇದ್ರೆ ಇಟ್ಬಿಟ್ಟು ಆ ನಂಬರಿಗೆ ನೀವೇ ಮಾಡಿ ಅಜ್ಜಿ" ಅನ್ನಿ. ಬೆಳಿಗ್ಗೆ ಪೂಜೆ ತಿಂಡಿ, ಮಧ್ಯಾಹ್ನ ನಿದ್ದೆ, ಸಂಜೆ ಸೀರಿಯಲ್ಲು, ಹಾಗಾಗಿ ಹನ್ನೊಂದು ಗಂಟೆ ಹೊತ್ತು ವಾಸಿ.

"ಮಾತ್ರೆ ತಗೊಳ್ತಿದೀರಾ" ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೆ. "ಡಬ್ಬ ತಗೊಂಡು ಬನ್ನಿ, ಕನ್ನಡಕ ಹಾಕ್ಕೊಳ್ಳಿ, ನಾನು ಲೈನಲ್ಲೇ ಇರ್ತೀನಿ" ಅನ್ನಿ. ಒಂದೊಂದೇ ಸ್ಟ್ರಿಪ್ ಹೆಸ್ರು ಓದಿಸಿ, ಓದಕ್ಕಾಗದಿದ್ರೆ ಅಕ್ಷರ ಅಕ್ಷರ ಹೇಳಿಸಿ. ಒಬ್ಬರ ಮನೇಲಿ ಹಳೇ ಬಿಸ್ಕೆಟ್ ಡಬ್ಬದಲ್ಲಿ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40 ಎರಡು ಇತ್ತು, ಒಂದು ಕಂಪನಿ ಹೆಸ್ರಿಂದು, ಇನ್ನೊಂದು ಜನೌಷಧಿ ಕೇಂದ್ರದ್ದು, ಬೇರೆ ಬೇರೆ ಅನ್ಕೊಂಡು ಎರಡೂ ನುಂಗ್ತಿದ್ರು, ಎದ್ದು ನಿಂತ್ರೆ ತಲೆ ಸುತ್ತು. ಅದು ಫೋನಲ್ಲೇ ಸಿಕ್ಕಿದ್ದು.

ಆಮೇಲೆ ಹೊತ್ತು ಹಿಡ್ಕೊಂಡು ಕೇಳಿ, ಎದ್ದ ತಕ್ಷಣ ಏನು, ತಿಂಡಿ ಆದ್ಮೇಲೆ ಏನು ಅಂತ. ಥೈರಾಯ್ಡ್ ಮಾತ್ರೆ ಕಾಫಿ ಜೊತೆ ನುಂಗೋರು, ಅದರ ಜೊತೇಲೇ ಕ್ಯಾಲ್ಸಿಯಂ ನುಂಗೋರು ತುಂಬ ಜನ (ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ಮಧ್ಯೆ 4 ಗಂಟೆ ಬಿಡ್ಬೇಕು). ಸಂಕಷ್ಟಿ, ಏಕಾದಶಿ ಉಪವಾಸ ಮಾಡ್ತೀರಾ ಅಂತ ತಪ್ಪದೇ ಕೇಳಿ. ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ನುಂಗಿ ಊಟ ಬಿಟ್ರೆ ಶುಗರ್ ಇಳಿದು ಬಿದ್ದೋಗ್ತಾರೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಲ್ಲಿ ತಾವೇ ಕೇಳಿ ತರೋ ಡೈಕ್ಲೋಫೆನಾಕ್‌ನ ಯಾರೂ ಲೆಕ್ಕಕ್ಕೇ ಇಡಲ್ಲ, ಟೆಲ್ಮಿಸಾರ್ಟನ್ನು, ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡೋದು) ಜೊತೆ ಅದು ಸೇರಿದ್ರೆ ಕಿಡ್ನಿಗೆ ಏಟು.

ಬಸವನಗುಡಿ ಹಿರಿಯ
ನನಗೆ 76. ನಮ್ಮ ಕಡೆಯಿಂದ ಎರಡು ಮಾತು. ಹಲೋ ಅಂದ ತಕ್ಷಣ "ಮನೇಲಿ ಬೇರೆ ಯಾರಾದ್ರೂ ಇದಾರಾ, ಸೊಸೆಗೆ ಕೊಡಿ" ಅನ್ನಬೇಡಿ. ಮಾತ್ರೆ ನುಂಗೋನು ನಾನು, ನನ್ನನ್ನೇ ಕೇಳಿ, ಬೇಕಾದ್ರೆ ನಾನೇ ಕೊಡ್ತೀನಿ. ಕಿವಿ ಮಂದ ಅಂತ ಕಿರುಚೋದೂ ಬೇಡ, ಕಿರುಚಿದ್ರೆ ಇನ್ನೂ ಕಲಸಿಹೋಗತ್ತೆ, ದನಿ ತಗ್ಗಿಸಿ ನಿಧಾನವಾಗಿ ಹೇಳಿದ್ರೆ ಕೇಳಿಸತ್ತೆ. ಎಲ್ಲಾ ಸರಿಯಾಗಿದೆ ಅಂತ ಯಾಕೆ ಹೇಳ್ತೀವಿ ಅಂದ್ರೆ ಬೈತಾರೆ ಅಂತ. ಮದುವೆಗೆ ಹೋಗೋ ದಿನ ನಾನು ನೀರಿನ ಮಾತ್ರೆ ನುಂಗಲ್ಲ, ಬಿಎಂಟಿಸಿ ಬಸ್ಸಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಎಲ್ಲಿ ಇಳಿಯೋದು ಹೇಳಿ. "ಎಲ್ರಿಗೂ ಒಂದೊಂದ್ ದಿನ ತಪ್ಪತ್ತೆ ಸಾರ್, ನಿಮಗೆ ಯಾವಾಗ ತಪ್ಪತ್ತೆ" ಅಂತ ಕೇಳಿದ್ರೆ ನಿಜ ಹೇಳ್ತೀನಿ.

ರಾಜಾಜಿನಗರ ಫಾರ್ಮಸಿಸ್ಟ್
ಸಾರ್, ತುಂಬ ಥ್ಯಾಂಕ್ಸ್, ಈ ಪ್ರಶ್ನೆ ಹಾಗೇ ಬರ್ಕೊಂಡೆ. ಇನ್ನೊಂದು, ಬೇಡದ ಮಾತ್ರೆ ಕಂಡ್ರೆ ಫೋನಲ್ಲೇ ನಿಲ್ಲಿಸಿ ಅನ್ನಬಹುದಾ?

ಫ್ಯಾಮಿಲಿ ಡಾಕ್ಟರ್
ನೀವಾಗಿ ನಿಲ್ಲಿಸಬೇಡಿ ಮೇಡಂ, ಬರ್ಕೊಂಡು ಡಾಕ್ಟರ್‌ಗೆ ಕೊಡಿ, 2020ರ ಟೆಲಿಮೆಡಿಸಿನ್ ಗೈಡ್‌ಲೈನ್ ಪ್ರಕಾರಾನೂ ಫೋನಲ್ಲಿ ಔಷಧಿ ಬರೆಯೋದು ಡಾಕ್ಟರ್ ಕೆಲಸಾನೇ. ಡಬಲ್ ಡೋಸ್ ಥರದ್ದು ಕಂಡ್ರೆ ಅವತ್ತೇ ತಿಳಿಸಿ. ನಿದ್ದೆಗೆ ಅಂತ ವರ್ಷಾನುಗಟ್ಲೆ ಆಲ್ಪ್ರಜೋಲಾಂ ತಗೊಳ್ತಿರೋರು ಅಂತೂ ದಿಢೀರಂತ ಬಿಟ್ರೆ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸ್ಬೇಕು. ಬಿದ್ದೆ ಅಂದ್ರೆ, ಮಾತು ತಡವರಿಸ್ತಿದ್ರೆ, ಇದ್ದಕ್ಕಿದ್ದಂಗೆ ಗೊಂದಲ ಮಾಡ್ಕೊಳ್ತಿದ್ರೆ ರಿವ್ಯೂ ಅಲ್ಲಿಗೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಕಳಿಸಿ.

ಹನುಮಂತನಗರ ಮಗಳು
ಬದಲಾವಣೆ ಆದ್ಮೇಲೆ ಅದನ್ನ ಕನ್ನಡದಲ್ಲಿ ವಾಟ್ಸಾಪ್ ಮಾಡಿ ಪ್ಲೀಸ್, ಅಮ್ಮ ಒಪ್ಪಿದ್ರೆ ನಮಗೂ ಒಂದು ಕಳಿಸಿ. ಫೋನ್ ಇಡೋ ಮುಂಚೆ "ನಾಳೆ ಬೆಳಿಗ್ಗೆ ಏನೇನು ತಗೊಳ್ತೀರಾ ಹೇಳಿ" ಅಂತ ಅವ್ರ ಬಾಯಲ್ಲೇ ಹೇಳಿಸಿ. ನಿಲ್ಲಿಸಿದ ಸ್ಟ್ರಿಪ್‌ನ ಡಬ್ಬದಿಂದ ಆಗ್ಲೇ ತೆಗೆಸಿ ಬೇರೆ ಕಡೆ ಇಡ್ಸಿ, ಇಲ್ದಿದ್ರೆ ದುಡ್ಡು ಕೊಟ್ಟಿದೀನಿ ಅಂತ ಮುಗಿಯೋವರ್ಗೂ ನುಂಗ್ತಾರೆ.