ಬೈಲಕುಪ್ಪೆ ಹಿರಿಯರ ನೆನಪು: ಪ್ರದರ್ಶನಕ್ಕೆ ಇಡೋದು ಹೇಗೆ?

ಪ್ರಶ್ನೆ: 1959ರ ನಂತರ ಟಿಬೆಟ್ ಬಿಟ್ಟು ಬಂದು ಬೈಲಕುಪ್ಪೆಯಲ್ಲಿ ನೆಲೆಸಿದವರ ಮಾತು, ಫೋಟೊ, ಗುರುತುಪತ್ರಗಳ ಪ್ರದರ್ಶನ ಮಾಡಬೇಕಿದೆ. ಏನೇನು ಎಚ್ಚರ ಬೇಕು?

ಉತ್ತರ 1: ಮಾತು ರೆಕಾರ್ಡ್ ಮಾಡುವಾಗ ಎಂಪಿ3 ಬೇಡ; 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಉಳಿಸುವ .wav) ಇರಲಿ. ಕಾಲರ್ ಮೈಕ್ ಗದ್ದದಿಂದ ಗೇಣು ಕೆಳಗೆ. ಹಿರಿಯರ ಕೈಲಿರೋ ಜಪಮಾಲೆ ಮಣಿಗಳ ಸದ್ದು ಮಾತನ್ನೇ ನುಂಗುತ್ತೆ, ನೋಡ್ಕೊಳ್ಳಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಲ್ಲಿ.

ಉತ್ತರ 2: ಅದಕ್ಕಿಂತ ಮೊದಲು ಒಪ್ಪಿಗೆ. ರೆಕಾರ್ಡಿಂಗ್, ಪ್ರದರ್ಶನ, ಇಂಟರ್ನೆಟ್ ಮೂರಕ್ಕೂ ಬೇರೆ ಬೇರೆ ಸಹಿ. ಟಿಬೆಟ್‌ನಲ್ಲಿ ಉಳಿದ ಬಂಧುಗಳ ಹೆಸರು ಹೊರಬಿದ್ದರೆ ಅವರಿಗೇ ಅಪಾಯ. ಸಾರ್ವಜನಿಕ ಪ್ರತಿಯಿಂದ ಆ ಹೆಸರುಗಳನ್ನು ಕತ್ತರಿಸಿ.

ಉತ್ತರ 3: ಕಾಗದಕ್ಕೆ ಲ್ಯಾಮಿನೇಷನ್ ಖಂಡಿತ ಬೇಡ, ಅಂಟು ಮತ್ತೆ ಬಿಡಿಸೋಕಾಗಲ್ಲ. ಮೂಲಪ್ರತಿ ಆಮ್ಲರಹಿತ ಫೋಲ್ಡರಿನಲ್ಲಿ, ಗೋಡೆಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನಿನ ನಕಲು. ಮೂಲವನ್ನೇ ಇಡುವುದಾದರೆ ಬೆಳಕು 50 ಲಕ್ಸ್ ಮೀರದಿರಲಿ. ಮಳೆಗಾಲದಲ್ಲಿ ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ.